ಕಬೀರ್ ಖಾನ್ ಬರುವುದಕ್ಕೂ ಮೊದಲು

2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಏಕದಿನ ವಿಶ್ವಕಪ್ ಗೆದ್ದಿತು. ಕೋಚ್ ಅಮೋಲ್ ಮಜುಂದಾರ್ ‘ನಿಜಜೀವನದ ಕಬೀರ್ ಖಾನ್’ ಎಂಬ ಮಾತು ಅದರ ಬೆನ್ನಿಗೇ ಊರೆಲ್ಲ ಹರಿದಾಡಿತು. ನಾಲ್ಕು ವರ್ಷದ ಹಿಂದೆಯೂ ಹೀಗೇ ಆಗಿತ್ತು. 2021ರ ಆಗಸ್ಟ್ 2ರಂದು ಟೋಕಿಯೊದಲ್ಲಿ ಗುರ್ಜೀತ್ ಕೌರ್ ಹೊಡೆದ ಒಂದೇ ಗೋಲಿನಿಂದ, ಸವಿತಾ ಪೂನಿಯಾ ಗೋಲಿನ ಬಾಯಲ್ಲಿ ಗೋಡೆಯಾಗಿ ನಿಂತದ್ದರಿಂದ, ಭಾರತದ ಮಹಿಳಾ ಹಾಕಿ ತಂಡ ಆಸ್ಟ್ರೇಲಿಯಾವನ್ನು ಮಣಿಸಿ ಮೊದಲ ಬಾರಿಗೆ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. ಆಗ ಕಬೀರ್ ಖಾನ್ ಆದವರು ಡಚ್ ಕೋಚ್ ಶೋರ್ಡ್ ಮರೈನ್. ತೆರೆಯ ಮೇಲೆ ಮಹಿಳಾ ಹಾಕಿ ಕೋಚ್ ಕಬೀರ್ ಖಾನ್ ಆಗಿದ್ದ ಶಾರುಖ್ ಖಾನ್ ಸ್ವತಃ ಮರೈನ್‌ಗೆ ಶುಭಾಶಯ ಬರೆದರು. ಅವರೂ ‘ನಿಜವಾದ ಕೋಚ್’ ಎಂದು ಸಹಿ ಹಾಕಿ ಉತ್ತರ ಕೊಟ್ಟರು. ಇಬ್ಬರು ಕೋಚ್‌ಗಳೂ ಸಮರ್ಥರು, ಅವರ ಶ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ತಕರಾರಿರುವುದು ನಮ್ಮ ಕಣ್ಣಿನ ಅಭ್ಯಾಸದ ಬಗ್ಗೆ. ಹೆಂಗಸರು ಗೆದ್ದ ಕೂಡಲೇ ಅಂಗಳದ ಗೆರೆಯಾಚೆ ನಿಂತ ಗಂಡಸನ್ನು ಹುಡುಕುವ ಈ ಅಭ್ಯಾಸ ನಮಗೆ ಹತ್ತಿದ್ದು, ಬಹುಮಟ್ಟಿಗೆ, ‘ಚಕ್ ದೇ! ಇಂಡಿಯಾ’ದಿಂದ.

2007ರ ಆಗಸ್ಟ್ 10ರಂದು ತೆರೆಕಂಡ ಈ ಚಿತ್ರದ ಬಗ್ಗೆ ಎರಡು ಮಾತು ಸಿದ್ಧವಾಗಿವೆ. ಭಾರತೀಯ ಕ್ರೀಡಾಚಿತ್ರಗಳಲ್ಲಿ ಇದು ಶ್ರೇಷ್ಠ ಎನ್ನುವುದು ಒಂದು. ಮಹಿಳಾ ಹಾಕಿಗೆ ಇದು ಗೌರವ ತಂದುಕೊಟ್ಟಿತು ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಬಹುತೇಕ ಒಪ್ಪುತ್ತೇನೆ. ಶಿಮಿತ್ ಅಮೀನ್ ಅವರ ನಿರ್ದೇಶನದಲ್ಲಿ ಒಂದು ಶಾಟೂ ಸೋಮಾರಿಯಾಗಿಲ್ಲ. ಜೈದೀಪ್ ಸಾಹ್ನಿಯವರ ಚಿತ್ರಕಥೆ ಹದಿನಾರು ಹುಡುಗಿಯರನ್ನು ಗುಂಪಾಗಿ ಕರಗಿಸದೆ, ಹಲವರಿಗೆ ಒಂದೊಂದು ಸಿಡುಕು, ಒಂದೊಂದು ಹಟ ಕೊಟ್ಟು ನಿಲ್ಲಿಸುತ್ತದೆ. ಶಾರುಖ್ ತಮ್ಮ ಎಂದಿನ ತೋಳು ಚಾಚುವ ಚಾಳಿ ಬಿಟ್ಟು, ಗಡ್ಡದ ಹಿಂದೆ ಮುಖವನ್ನು ಅಡಗಿಸಿಕೊಂಡು ನಟಿಸಿದ್ದಾರೆ. ನಾಯಕನಿಗೆ ನಾಯಕಿ ಇಲ್ಲ, ಪ್ರೇಮಗೀತೆ ಇಲ್ಲ. ಆ ಕಾಲದ ಯಶ್ ರಾಜ್ ಸಂಸ್ಥೆಯ ಮಟ್ಟಿಗೆ ಇದು ಸಣ್ಣ ಧೈರ್ಯವಲ್ಲ. ಎರಡನೆಯ ಮಾತನ್ನು ಮಾತ್ರ, ಇಷ್ಟು ವರ್ಷದ ಮೇಲೆ ಮತ್ತೆ ಚಿತ್ರ ನೋಡಿದಾಗ, ನನ್ನಿಂದ ಒಪ್ಪಲು ಆಗಲಿಲ್ಲ.

‘ಅದು ಶಾರುಖ್ ಚಿತ್ರ, ಹುಡುಗಿಯರ ಚಿತ್ರವಲ್ಲ’ ಎಂಬ ಹಳೆಯ ಆಕ್ಷೇಪವನ್ನು ನಾನು ಎತ್ತುತ್ತಿಲ್ಲ. ಆ ಆಕ್ಷೇಪ ಹಗುರ. ತಾರೆಯಿಲ್ಲದೆ 2007ರಲ್ಲಿ ಮಹಿಳಾ ಹಾಕಿಯ ಕಥೆಗೆ ಹಣ ಹಾಕುವವರು ಸಿಗುತ್ತಿರಲಿಲ್ಲ. ಚಿತ್ರದ ತಪ್ಪು ಇರುವುದು ಬೇರೆ ಕಡೆ, ಅದು ಇದಕ್ಕಿಂತ ಭಾರವಾದದ್ದು: ಕಬೀರ್ ಖಾನ್ ಕಟ್ಟಬೇಕಾದರೆ ಅಲ್ಲಿ ಮೊದಲು ಏನೂ ಇರಬಾರದು. ಹಾಗಾಗಿ ಚಿತ್ರವು ಮಹಿಳಾ ಹಾಕಿಯ ಚರಿತ್ರೆಯನ್ನೇ ಒರೆಸಿ, ಖಾಲಿ ನೆಲ ಮಾಡಿಕೊಂಡು, ಅದರ ಮೇಲೆ ತನ್ನ ನಾಯಕನನ್ನು ನಿಲ್ಲಿಸಿಕೊಂಡಿದೆ.

ಚಿತ್ರ ಶುರುವಾಗುವುದು ದೆಹಲಿಯಲ್ಲಿ, ಪಾಕಿಸ್ತಾನದ ಎದುರಿನ ವಿಶ್ವಕಪ್ ಪಂದ್ಯದ ಕೊನೆಯ ನಿಮಿಷಗಳಲ್ಲಿ. ನಾಯಕ ಕಬೀರ್ ಪೆನಾಲ್ಟಿ ಸ್ಟ್ರೋಕ್ ತಪ್ಪಿಸುತ್ತಾನೆ, ಭಾರತ ಸೋಲುತ್ತದೆ, ಅವನ ಮನೆಯ ಗೋಡೆಯ ಮೇಲೆ ದ್ರೋಹಿಯೆಂದು ಬರೆಯುತ್ತಾರೆ. ಇದರ ಹಿಂದಿರುವ ನೆನಪು ಎಲ್ಲರಿಗೂ ಗೊತ್ತು. 1982ರ ಡಿಸೆಂಬರ್ 1, ಏಷ್ಯನ್ ಗೇಮ್ಸ್ ಫೈನಲ್, ಇಂಡಿಯಾ ಗೇಟ್ ಬಳಿಯ ನ್ಯಾಷನಲ್ ಸ್ಟೇಡಿಯಂ. ಪಾಕಿಸ್ತಾನ 7, ಭಾರತ 1. ಗೋಲ್‌ಕೀಪರ್ ಮೀರ್ ರಂಜನ್ ನೇಗಿಯವರ ಮೇಲೆ ಲಂಚದ ಆಪಾದನೆ ಬಂತು, ವರ್ಷಗಟ್ಟಲೆ ಅದನ್ನು ಹೊತ್ತು ಅವರು ಬದುಕಬೇಕಾಯಿತು. ಕಥೆ ನೇಗಿಯವರದಲ್ಲ, 2002ರ ಮಹಿಳಾ ತಂಡದ ಗೆಲುವಿನ ಪುಟ್ಟ ಸುದ್ದಿಯಿಂದ ಹೊಳೆದದ್ದು ಎಂದು ಸಾಹ್ನಿ ಹೇಳುತ್ತಲೇ ಬಂದಿದ್ದಾರೆ. ಆದರೂ ನಟಿಯರಿಗೆ ಹಾಕಿ ಕಲಿಸಿದವರು ನೇಗಿಯವರೇ ಆದ್ದರಿಂದ ಎರಡೂ ಕಥೆ ಜನರ ಮನಸ್ಸಿನಲ್ಲಿ ಹೆಣೆದುಕೊಂಡುಬಿಟ್ಟಿವೆ.

ಈಗ ಅದೇ 1982ರ ಏಷ್ಯನ್ ಗೇಮ್ಸ್‌ನ ಇನ್ನೊಂದು ಫಲಿತಾಂಶ ನೋಡಿ. ಏಷ್ಯಾಡ್‌ನಲ್ಲಿ ಮಹಿಳಾ ಹಾಕಿಗೆ ಜಾಗ ಸಿಕ್ಕಿದ್ದೇ ಆ ವರ್ಷ ಮೊದಲು. ಎಲಿಝಾ ನೆಲ್ಸನ್ ನಾಯಕತ್ವದ ಭಾರತ ಚಿನ್ನ ಗೆದ್ದಿತು. ಅದೇ ದೆಹಲಿ, ಅದೇ ಕ್ರೀಡಾಕೂಟ. ಗಂಡಸರ ಏಳು ಗೋಲಿನ ಅವಮಾನ ಎರಡೂವರೆ ದಶಕದ ಮೇಲೆ ಒಂದು ಮಹಾಚಿತ್ರಕ್ಕೆ ಬೀಜವಾಯಿತು. ಹೆಂಗಸರ ಚಿನ್ನ ಈ ಊರಿನಲ್ಲೇ ಮರೆತುಹೋಯಿತು. ಏರ್‌ಪೋರ್ಟ್ ಮೆಟ್ರೊದಲ್ಲಿ ‘ಶಿವಾಜಿ ಸ್ಟೇಡಿಯಂ’ ಎಂಬ ಹೆಸರನ್ನು ದಿನವೂ ಕೇಳುವ ದೆಹಲಿಯವರಲ್ಲಿ ಅದೊಂದು ಹಾಕಿ ಅಂಗಳ ಎಂಬುದು ಎಷ್ಟು ಜನರಿಗೆ ಗೊತ್ತೋ, ಎಲಿಝಾ ನೆಲ್ಸನ್ ಹೆಸರು ಅದಕ್ಕಿಂತ ಕಡಿಮೆ ಜನರಿಗೆ ಗೊತ್ತು. ಮಹಿಳಾ ಹಾಕಿಯ ಬಗೆಗಿನ ಚಿತ್ರವೊಂದು 1982ರ ದೆಹಲಿಯನ್ನು ನೆನೆದು, ಅಲ್ಲಿಂದ ಗಂಡಸರ ಸೋಲನ್ನು ಮಾತ್ರ ಎತ್ತಿಕೊಂಡು ಬರುವುದು ಸಣ್ಣ ಮರೆವೇನಲ್ಲ.

ಚರಿತ್ರೆ ಅಲ್ಲಿಗೇ ನಿಲ್ಲುವುದೂ ಇಲ್ಲ. 1974ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ನಾಲ್ಕನೆಯದು. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲೂ ನಾಲ್ಕನೆಯದು. ಅದಕ್ಕೂ ಹಿಂದೆ ಹೋದರೆ ನಮ್ಮ ಬೆಂಗಳೂರು ಸಿಗುತ್ತದೆ. ಎಲ್ವೆರಾ ಬ್ರಿಟ್ಟೊ ಮತ್ತು ಅವರ ತಂಗಿಯರಾದ ರೀಟಾ, ಮೇ ಆಡುತ್ತಿದ್ದ ಮೈಸೂರು ರಾಜ್ಯದ ತಂಡ 1960ರಿಂದ 1967ರ ನಡುವೆ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಏಳು ಬಾರಿ. 1965ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2022ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಕನ್ನಡ ಪತ್ರಿಕೆಗಳನ್ನು ಓದುವ ಎಷ್ಟೋ ಮಂದಿಗೆ ಇಂಥವರೊಬ್ಬರು ತಮ್ಮೂರಿನಲ್ಲಿದ್ದರು ಎಂಬುದೇ ಹೊಸ ಸುದ್ದಿ. ಚಿತ್ರದ ತಂಡದಲ್ಲಿ ಆಂಧ್ರದ ನೇತ್ರಾ ರೆಡ್ಡಿ ಇದ್ದಾಳೆ, ತಮಿಳು-ತೆಲುಗು ಗೊಂದಲದ ಒಂದು ತಮಾಷೆಯೂ ಇದೆ. ಕರ್ನಾಟಕದವಳು ಯಾರೂ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಪ್ರಾದೇಶಿಕ ಅಭಿಮಾನದಿಂದ ಇದನ್ನು ಹೇಳುತ್ತಿಲ್ಲ. ಗಂಡಸರ ಹಾಕಿಗೆ ಕೊಡಗು ಹೇಗೋ, ಹೆಂಗಸರ ಹಾಕಿಗೆ ಒಂದು ಕಾಲದಲ್ಲಿ ಬೆಂಗಳೂರಿನ ಆಂಗ್ಲೋ-ಇಂಡಿಯನ್, ಕ್ರಿಶ್ಚಿಯನ್ ಮನೆಗಳು ಹಾಗಿದ್ದವು. ಆ ಮನೆಗಳು ಕಾಣಿಸಿಬಿಟ್ಟರೆ ‘ನಮ್ಮ ಹುಡುಗಿಯರು ಈಗಷ್ಟೇ ಅಡುಗೆಮನೆಯಿಂದ ಹೊರಬಂದರು’ ಎಂಬ ಚಿತ್ರದ ಒಳಗಿನ ನಂಬಿಕೆ ನಿಲ್ಲುವುದಿಲ್ಲ.

2007ಕ್ಕೆ ಹತ್ತಿರದ ವರ್ಷಗಳನ್ನು ತೆಗೆದುಕೊಂಡರೆ ವಾದ ಇನ್ನೂ ಬಿಗಿಯಾಗುತ್ತದೆ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಚಿನ್ನ: ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 3-2, ಹೆಚ್ಚುವರಿ ಸಮಯದಲ್ಲಿ ಮಮತಾ ಖರಬ್ ಹೊಡೆದ ಗೋಲ್ಡನ್ ಗೋಲ್. 2003ರಲ್ಲಿ ಹೈದರಾಬಾದಿನ ಆಫ್ರೋ-ಏಷ್ಯನ್ ಗೇಮ್ಸ್ ಚಿನ್ನ. 2004ರಲ್ಲಿ ಇದೇ ದೆಹಲಿಯಲ್ಲಿ ಜಪಾನನ್ನು 1-0ರಿಂದ ಸೋಲಿಸಿ ಏಷ್ಯಾ ಕಪ್. ಗಂಡಸರ ತಂಡವೋ, ಚಿತ್ರ ಬಂದ ಮರುವರ್ಷವೇ, 1928ರಿಂದ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆ ಕಳೆದುಕೊಂಡಿತು. ತೆರೆಯ ಮೇಲೆ ಮಾತ್ರ ಹೆಂಗಸರ ತಂಡ ಯಾರಿಗೂ ಬೇಡದ, ಏನನ್ನೂ ಗೆಲ್ಲದ, ಗಂಡಸರ ತಂಡದ ಮುಂದೆ ಪರೀಕ್ಷೆ ಕೊಟ್ಟು ಮರ್ಯಾದೆಯ ಸೋಲು ಪಡೆದು ಟಿಕೆಟ್ ಗಿಟ್ಟಿಸಬೇಕಾದ ತಂಡ.

ಈ ಮೂರೂ ಚಿನ್ನಗಳ ನಾಯಕಿ ಒಬ್ಬರೇ, ಮಣಿಪುರದ ಸೂರಜ್‌ಲತಾ ದೇವಿ. ಈ ಒಂದು ಸಂಗತಿಯನ್ನು ಕೈಯಲ್ಲಿಟ್ಟುಕೊಂಡು ಚಿತ್ರದ ನೋಂದಣಿಯ ದೃಶ್ಯ ನೋಡಬೇಕು. ಮಣಿಪುರದ ಮೋಲಿ, ಮಿಜೋರಾಂನ ಮೇರಿ ಮೇಜಿನ ಮುಂದೆ ಬಂದಾಗ ಗುಮಾಸ್ತ ಅವರನ್ನು ಅತಿಥಿಗಳೆಂದು ಸ್ವಾಗತಿಸುತ್ತಾನೆ. ಸ್ವಂತ ದೇಶದಲ್ಲೇ ಅತಿಥಿಯಾಗುವುದು ಯಾರಿಗೆ ಹಿತ ಎಂಬರ್ಥದ ಉತ್ತರ ಬರುತ್ತದೆ. ಒಳ್ಳೆಯ ದೃಶ್ಯ, ಸರಿಯಾದ ಸಿಟ್ಟು. ಆದರೆ ಆಮೇಲೆ ಚಿತ್ರವೂ ಆ ಗುಮಾಸ್ತನ ಹಾಗೆಯೇ ನಡೆದುಕೊಳ್ಳುತ್ತದೆ. ಮೋಲಿಗೂ ಮೇರಿಗೂ ಮನೆಯಿಲ್ಲ, ಹಟವಿಲ್ಲ, ನೆನಪಿನಲ್ಲುಳಿಯುವ ಒಂದು ಮಾತಿಲ್ಲ. ನಾಯಕತ್ವ ಸಿಗುವುದು ವಿದ್ಯಾ ಶರ್ಮಾಗೆ. ಕೊನೆಯ ಪಂದ್ಯಗಳ ಉಸಿರೆಲ್ಲ ಚಂಡೀಗಢದ ಪ್ರೀತಿ ಮತ್ತು ಹರಿಯಾಣದ ಕೋಮಲ್ ಚೌಟಾಲಾ ನಡುವಿನ ಪೈಪೋಟಿಯಲ್ಲಿ ಹೋಗುತ್ತದೆ. ನಿಜದಲ್ಲಿ ಮಣಿಪುರದ ಹೆಣ್ಣು ನಡೆಸಿದ ತಂಡವನ್ನು ಆಧಾರವಾಗಿಟ್ಟುಕೊಂಡ ಚಿತ್ರ ಮಣಿಪುರದ ಹುಡುಗಿಯನ್ನು ಹಿನ್ನೆಲೆಯಲ್ಲಿ ನಿಲ್ಲಿಸಿದೆ. ಜಾರ್ಖಂಡದ ಸೋಯ್‌ಮೋಯ್ ಕೆರ್ಕೆಟಾ, ರಾಣಿ ಡಿಸ್ಪೊಟ್ಟಾ ಅವರದೂ ಇದೇ ಪಾಡು. ಅವರನ್ನು ಮುಗ್ಧೆಯರೆಂದು ತೋರಿಸುತ್ತಾರೆ. 2002ರ ತಂಡದಲ್ಲಿ ಆಡಿದ್ದ ಸುಮ್ರಾಯ್ ಟೇಟೆಯಂಥ ಜಾರ್ಖಂಡದ ಆಟಗಾರ್ತಿ ಮುಗ್ಧೆಯಲ್ಲ, ತಂಡದ ಬೆನ್ನೆಲುಬು.

ಮೇರಿಗೆ ಸಿಗುವ ದೊಡ್ಡ ದೃಶ್ಯವೆಂದರೆ ದೆಹಲಿಯ ಮೆಕ್‌ಡೊನಾಲ್ಡ್ಸ್‌ನದು, ಚಿತ್ರದ ಅತ್ಯಂತ ಜನಪ್ರಿಯ ದೃಶ್ಯವೂ ಅದೇ. ಪುಂಡರು ಅವಳನ್ನು ಕೆಣಕುತ್ತಾರೆ, ಪಂಜಾಬಿನ ಬಲ್ಬೀರ್ ನುಗ್ಗುತ್ತಾಳೆ, ಇಡೀ ತಂಡ ಮೇಜು ಕುರ್ಚಿಗಳ ನಡುವೆ ಒಂದಾಗುತ್ತದೆ. ಕಬೀರ್ ಸಿಬ್ಬಂದಿಯನ್ನು ತಡೆದು ಕುಳಿತಲ್ಲೇ ನೋಡುತ್ತಾನೆ; ಹಿಂದಿನಿಂದ ಕ್ರಿಕೆಟ್ ಬ್ಯಾಟ್ ಎತ್ತಿದವನನ್ನು ಮಾತ್ರ ಹಿಡಿಯುತ್ತಾನೆ. ಚಿತ್ರಮಂದಿರದಲ್ಲಿ ಬಿದ್ದ ಶಿಳ್ಳೆ ನನಗೆ ನೆನಪಿದೆ, ಅದು ನ್ಯಾಯವಾದ ಶಿಳ್ಳೆ. ಈ ಊರಿನಲ್ಲಿ ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಹೆಣ್ಣುಮಕ್ಕಳು ನುಂಗಿಕೊಂಡದ್ದೆಲ್ಲ ಆ ಮೂರು-ನಾಲ್ಕು ನಿಮಿಷದಲ್ಲಿ ಹೊರಬರುತ್ತದೆ. ಆದರೂ ಕ್ಯಾಮೆರಾ ಎಲ್ಲಿ ಹೋಗಿ ನಿಲ್ಲುತ್ತದೆ ಗಮನಿಸಿ. ಏಟು ಕೊಡುವವರ ಮುಖದಿಂದ ಮತ್ತೆ ಮತ್ತೆ ಅದು ಹೊರಳುವುದು ಕಬೀರನ ಮುಖಕ್ಕೆ. ಅವನ ಸಂತೃಪ್ತಿಯೇ ಆ ಜಗಳಕ್ಕೆ ಅರ್ಥ ಕೊಡುವುದು: ಇವರು ಈಗ ತಂಡವಾದರು. ಮೇರಿಗೆ ಆದದ್ದು ತಂಡಕಟ್ಟುವ ಪಾಠವಾಗಿ ಪರಿವರ್ತನೆಯಾಗಿ, ಅವಳಿಗೆ ಆದದ್ದಾಗಿ ಉಳಿಯುವುದಿಲ್ಲ. 2014ರ ಜನವರಿಯಲ್ಲಿ ಲಾಜಪತ್ ನಗರದ ಮಾರುಕಟ್ಟೆಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಅವರ ಕೂದಲನ್ನು ಗೇಲಿ ಮಾಡಿ, ಹೊಡೆದು, ಅವರು ಸತ್ತ ಮೇಲೆ, ಈ ದೃಶ್ಯವನ್ನು ಬರೀ ಉಲ್ಲಾಸದಿಂದ ನೋಡುವುದು ನನಗೆ ಸಾಧ್ಯವಾಗಿಲ್ಲ.

ಬಿಂದಿಯಾ ನಾಯಕ್ ವಿಷಯದಲ್ಲಿ ಚಿತ್ರ ಇನ್ನೂ ಅನ್ಯಾಯ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಶಿಲ್ಪಾ ಶುಕ್ಲಾ ಆ ಪಾತ್ರವನ್ನು ಎಷ್ಟು ಚುರುಕಾಗಿ ಮಾಡಿದ್ದಾರೆಂದರೆ ಚಿತ್ರಕಥೆ ಅವಳನ್ನು ಖಳಳಾಗಿ ಬರೆದದ್ದು ಮರೆತೇಹೋಗುತ್ತದೆ. ತಂಡದಲ್ಲಿ ಹೆಚ್ಚು ಅನುಭವ ಅವಳದು. ಹೊಸ ಕೋಚ್ ಬಂದವನೇ ಹಿರಿಯರ ಸ್ಥಾನಮಾನ ಕಿತ್ತುಹಾಕಿದಾಗ ಅವಳು ಪ್ರಶ್ನಿಸುತ್ತಾಳೆ, ಎಲ್ಲರಿಂದ ಸಹಿ ಹಾಕಿಸುತ್ತಾಳೆ. ಆಟಗಾರ್ತಿಯರು ಸೇರಿ ಬರೆದ ದೂರು ಈ ಚಿತ್ರದಲ್ಲಿ ಅಹಂಕಾರದ ಗುರುತು. ಸಾಲದ್ದಕ್ಕೆ ನಾಯಕತ್ವಕ್ಕಾಗಿ ಅವಳು ಕೋಚ್‌ಗೆ ತನ್ನನ್ನೇ ಒಡ್ಡಿಕೊಳ್ಳುವ ದೃಶ್ಯ ಬೇರೆ. 2010ರಲ್ಲಿ ಭಾರತದ ಮಹಿಳಾ ಹಾಕಿ ಶಿಬಿರದಿಂದಲೇ ಕೋಚ್ ವಿರುದ್ಧ ಲೈಂಗಿಕ ಕಿರುಕುಳದ ದೂರು ಹೊರಬಂತು. ಅವರು ಆರೋಪ ಅಲ್ಲಗಳೆದು ರಾಜೀನಾಮೆ ಕೊಟ್ಟರು. ಆ ಪ್ರಕರಣದ ಸತ್ಯಾಸತ್ಯ ಏನೇ ಇರಲಿ, ಅಧಿಕಾರ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬ ಸರಳ ಪ್ರಶ್ನೆಯನ್ನು ಸಾಹ್ನಿ ತಲೆಕೆಳಗಾಗಿ ಬರೆದಿದ್ದರು. 2023ರಲ್ಲಿ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಜಂತರ್ ಮಂತರ್‌ನ ಬೀದಿಯಲ್ಲಿ ತಮ್ಮದೇ ಒಕ್ಕೂಟದ ಅಧ್ಯಕ್ಷರ ವಿರುದ್ಧ ಕುಳಿತಾಗ ನನಗೆ ಕಂಡವಳು ಬಿಂದಿಯಾ.

ಇನ್ನು ಕೃಷ್ಣಾಜಿ. ವಿಭಾ ಛಿಬ್ಬರ್ ಮಾಡಿದ ಆ ಸಹಾಯಕಿ ಕಬೀರ್ ಬರುವುದಕ್ಕೂ ಮೊದಲೇ ಅಲ್ಲಿದ್ದವಳು. ಅವಳು ಯಾವಾಗ ಆಡಿದಳು, ಯಾರ ಕೈಯಲ್ಲಿ ಕಲಿತಳು, ಇಷ್ಟು ವರ್ಷ ಈ ಹುಡುಗಿಯರನ್ನು ಹೇಗೆ ಹಿಡಿದಿಟ್ಟುಕೊಂಡಳು, ಒಂದನ್ನೂ ಚಿತ್ರ ಕೇಳುವುದಿಲ್ಲ. ಹೊಸಬನನ್ನು ಅನುಮಾನದಿಂದ ನೋಡುವುದು, ಆಮೇಲೆ ಮೆಚ್ಚಿ ತಲೆಯಾಡಿಸುವುದು, ಅಷ್ಟೇ ಅವಳ ಕೆಲಸ. 1982ರ ಚಿನ್ನದ ತಂಡದಿಂದ ಬಂದ ಹೆಂಗಸು ಅವಳಾಗಿದ್ದರೆ? ಒಂದೇ ಒಂದು ಸಾಲು ಸಾಕಿತ್ತು. ಆ ಸಾಲು ಬಂದರೆ ಕಬೀರ್ ಕಟ್ಟುವವನಾಗದೆ ಮುಂದುವರಿಸುವವನಾಗುತ್ತಿದ್ದ, ಚಿತ್ರ ಅದಕ್ಕೆ ಸಿದ್ಧವಿರಲಿಲ್ಲ.

ಜನಪ್ರಿಯ ಚಿತ್ರದಿಂದ ಚರಿತ್ರೆಯ ಪಾಠ ಕೇಳುವುದು ಸರಿಯೇ ಎಂದು ಸ್ನೇಹಿತರು ನನ್ನ ಜೊತೆ ಜಗಳವಾಡಿದ್ದಾರೆ. ಬುಡದಿಂದ ಮೇಲೇಳುವ ತಂಡ, ಕಳಂಕ ಹೊತ್ತ ಗುರು, ಕೊನೆಯ ಕ್ಷಣದ ಗೆಲುವು, ಇದು ಜಗತ್ತಿನ ಎಲ್ಲ ಕ್ರೀಡಾಚಿತ್ರಗಳ ಚೌಕಟ್ಟು ಎನ್ನುತ್ತಾರೆ. ಒಪ್ಪಿದೆ. ಈ ಚಿತ್ರ ನೋಡಿ ಮಗಳ ಕೈಗೆ ಸ್ಟಿಕ್ ಕೊಟ್ಟ ತಂದೆತಾಯಿ ಇದ್ದಾರೆ, ಅದನ್ನೂ ಒಪ್ಪಿದೆ. ಆದರೆ ಚೌಕಟ್ಟಿನ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳಲು ಆಗದ ಒಂದು ಆಯ್ಕೆಯನ್ನು ಚಿತ್ರ ತಾನಾಗಿಯೇ ಮಾಡಿದೆ, ಅದೂ ತನ್ನ ಅತಿ ಎತ್ತರದ ಕ್ಷಣದಲ್ಲಿ.

1982ರಲ್ಲಿ ಸೋತವರು ಗೋಲ್‌ಕೀಪರ್. ಚಿತ್ರ ಆ ಗೋಲ್‌ಕೀಪರನನ್ನು ಇಬ್ಬರಾಗಿ ಸೀಳಿದೆ. ಕಳಂಕ ಫಾರ್ವರ್ಡ್ ಆಡುವ ಕಬೀರನಿಗೆ ಹೋಯಿತು, ಕೈಗವಸು ಮತ್ತು ಪ್ಯಾಡು ವಿದ್ಯಾಗೆ. ಮೆಲ್ಬರ್ನ್‌ನ ಫೈನಲ್ ಟೈಬ್ರೇಕರ್‌ಗೆ ಬಂದು, ಆಸ್ಟ್ರೇಲಿಯಾದ ಕೊನೆಯ ಸ್ಟ್ರೋಕ್‌ಗೆ ವಿದ್ಯಾ ನಿಂತಾಗ, ಈ ಎರಡು ಅರ್ಧ ಮತ್ತೆ ಕೂಡಬೇಕು. ಕೂಡುವುದು ಹೇಗೆ? ಗೆರೆಯಾಚೆಯಿಂದ ಕಬೀರ್ ಹೊಡೆಯುವವಳನ್ನು ಓದುತ್ತಾನೆ, ತಾನು ತಪ್ಪಿಸಿದ ಸ್ಟ್ರೋಕನ್ನು ನೆನೆಯುತ್ತಾನೆ, ಚೆಂಡು ಎತ್ತ ಬರುತ್ತದೆಂದು ಅವನಿಗೆ ಹೊಳೆಯುತ್ತದೆ. ವಿದ್ಯಾ ಅವನ ಮುಖ ನೋಡಿ ತಿಳಿದುಕೊಂಡು ತಡೆಯುತ್ತಾಳೆ. ಕೈ ಅವಳದು, ಕಣ್ಣು ಅವನದು. ನಾಟಕವಾಗಿ ಅದ್ಭುತ. ಗೋಲ್‌ಕೀಪಿಂಗ್ ಬಲ್ಲ ಯಾರಿಗಾದರೂ ನೋವಾಗುವಂಥದ್ದು. ಸ್ಟ್ರೋಕ್ ಎದುರಿಸುವ ಕೀಪರ್‌ನಷ್ಟು ಒಂಟಿ ಆ ಅಂಗಳದಲ್ಲಿ ಇನ್ಯಾರೂ ಇಲ್ಲ. ಹೊಡೆಯುವವಳ ಭುಜ, ಮಣಿಕಟ್ಟು, ಸ್ಟಿಕ್ಕಿನ ಕೋನ, ಇದನ್ನೆಲ್ಲ ಅರೆಗಳಿಗೆಯಲ್ಲಿ ಓದುವುದೇ ಅವಳ ವಿದ್ಯೆ. ಆ ವಿದ್ಯೆಯನ್ನೇ ಅವಳಿಂದ ಕಿತ್ತುಕೊಂಡು ಕೋಚ್‌ಗೆ ಕೊಟ್ಟರೆ ಅವಳಲ್ಲಿ ಉಳಿಯುವುದು ವಿಧೇಯತೆ.

ನಿಜದಲ್ಲಿ ಹೀಗೆ ತಡೆದವರಿದ್ದಾರೆ. 1998ರ ಬ್ಯಾಂಕಾಕ್ ಏಷ್ಯಾಡ್‌ನ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದು, 32 ವರ್ಷದ ಮೇಲೆ ಗಂಡಸರ ತಂಡಕ್ಕೆ ಚಿನ್ನ ತಂದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಕೋಚ್ ಎಂ.ಕೆ. ಕೌಶಿಕ್, ಗೋಲ್‌ಕೀಪಿಂಗ್ ಕೋಚ್ ನೇಗಿ. ಆದರೂ ಬಲ್ಲಾಳ್ ತಡೆದದ್ದು ಬಲ್ಲಾಳ್ ತಡೆದದ್ದೆಂದೇ ದಾಖಲಾಯಿತು, ನೇಗಿಯವರ ಕಣ್ಸನ್ನೆಯನ್ನು ಯಾರೂ ಹುಡುಕಲಿಲ್ಲ. (ಆ ಚಿನ್ನಕ್ಕೆ ಒಕ್ಕೂಟ ಕೊಟ್ಟ ಉಡುಗೊರೆ ಧನರಾಜ್ ಪಿಳ್ಳೈ, ಬಲ್ಲಾಳ್ ಮೊದಲಾದವರನ್ನು ತಂಡದಿಂದ ಕೈಬಿಟ್ಟದ್ದು, ಕೌಶಿಕ್‌ರನ್ನು ತೆಗೆದದ್ದು. ಚಿತ್ರದಲ್ಲಿ ಹಾಕಿ ಒಕ್ಕೂಟದ ಮುಖ್ಯಸ್ಥನಾದ ತ್ರಿಪಾಠಿ ಇದರ ಮುಂದೆ ಸಾಧು.) 2003ರ ಆಫ್ರೋ-ಏಷ್ಯನ್ ಗೇಮ್ಸ್ ಫೈನಲ್‌ನ ಟೈಬ್ರೇಕರ್‌ನಲ್ಲಿ ದಕ್ಷಿಣ ಆಫ್ರಿಕಾದ ಎರಡು ಸ್ಟ್ರೋಕ್ ತಡೆದವರು ಹೆಲೆನ್ ಮೇರಿ. ಚಿತ್ರ ಬರುವುದಕ್ಕೆ ನಾಲ್ಕೇ ವರ್ಷ ಮೊದಲು, ಹೆಣ್ಣೊಬ್ಬಳು, ತನ್ನದೇ ಕಣ್ಣಿನಿಂದ. ವಿದ್ಯಾಗೆ ಮಾದರಿ ಬೇಕಿದ್ದರೆ ಹೈದರಾಬಾದಿನಲ್ಲೇ ಇತ್ತು.

ಗೋಡೆಬರಹದ ಕಡೆಗೂ ಮತ್ತೆ ನೋಡಬೇಕು. ಮುಸ್ಲಿಂ ಆಟಗಾರನ ದೇಶಪ್ರೇಮವನ್ನು ಒಂದು ಸೋಲು ಹೇಗೆ ಕಟಕಟೆಗೆ ತರುತ್ತದೆ ಎಂದು ತೋರಿಸಿದ್ದು ಈ ಚಿತ್ರದ ನಿಜವಾದ ಸಾಹಸ, ಇವತ್ತು ಅಂಥ ದೃಶ್ಯ ಬರೆಯಲು ಇನ್ನೂ ಹೆಚ್ಚು ಎದೆಗಾರಿಕೆ ಬೇಕು. ಆದರೆ ಮನೆಯ ಬಾಗಿಲಿಗೆ ಬರುವ ದ್ವೇಷ ಇಲ್ಲಿ ಗಂಡಸಿನ ಪಾಲಿಗೆ ಮೀಸಲು. ಹುಡುಗಿಯರ ಪಾಲಿಗೆ ಬರುವುದು ಗಂಡ, ಅತ್ತೆಮನೆ, ಕ್ರಿಕೆಟಿಗ ಪ್ರಿಯಕರನ ಉಡಾಫೆ. ಜಾತಿಯ ಮಾತಂತೂ ಎಲ್ಲೂ ಇಲ್ಲ. ಟೋಕಿಯೊದಲ್ಲಿ ವಂದನಾ ಕಟಾರಿಯಾ ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆಯಾದರು. ಕೆಲವೇ ದಿನದಲ್ಲಿ ತಂಡ ಅರ್ಜೆಂಟೀನಾಗೆ ಸೋತಾಗ, ಹರಿದ್ವಾರದ ಬಳಿಯ ರೋಶನಾಬಾದ್‌ನಲ್ಲಿ ಅವರ ಮನೆಯೆದುರು ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಕಬೀರನ ಗೋಡೆ ನಮ್ಮ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುತ್ತದೆ, ವಂದನಾ ಅವರ ಬಾಗಿಲು ಎರಡೇ ವಾರದ ಸುದ್ದಿ.

ಕೋಚ್‌ಗಳ ವಿಷಯಕ್ಕೇ ಬರುವುದಾದರೆ, ಟೋಕಿಯೊದಲ್ಲಿ ಮರೈನ್ ಪಕ್ಕದಲ್ಲಿ ಸಹಾಯಕಿಯಾಗಿದ್ದವರು ಯಾನೆಕೆ ಸ್ಕೋಪ್‌ಮನ್, 2008ರ ಒಲಿಂಪಿಕ್ಸ್‌ನಲ್ಲಿ ನೆದರ್‌ಲೆಂಡ್ಸ್‌ಗಾಗಿ ಆಡಿ ಚಿನ್ನ ಗೆದ್ದವರು. ಆಮೇಲೆ ಅವರೇ ಮುಖ್ಯ ಕೋಚ್ ಆದರು. ಅವರ ಕೈಯಲ್ಲಿ ತಂಡ 2022ರ ಕಾಮನ್‌ವೆಲ್ತ್ ಕಂಚು ಗೆದ್ದಿತು, ಆ ಪಂದ್ಯ ಮುಗಿದದ್ದೂ ಶೂಟೌಟ್‌ನಲ್ಲಿ, ಸವಿತಾ ಅವರ ತಡೆಗಳಿಂದ. 2023ರ ಏಷ್ಯಾಡ್‌ನಲ್ಲಿ ಮತ್ತೊಂದು ಕಂಚು. ಆಗೆಲ್ಲ ಯಾರೂ ಅವರನ್ನು ನಿಜಜೀವನದ ಕಬೀರ್ ಖಾನ್ ಎಂದು ಎತ್ತಿ ಆಡಿಸಿದ್ದು ನಾನು ಕಾಣಲಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ತಪ್ಪಿದ ಮೇಲೆ, 2024ರ ಫೆಬ್ರವರಿಯಲ್ಲಿ, ಗಂಡಸರ ತಂಡದ ಕೋಚ್‌ಗೆ ಸಿಗುವ ಗೌರವ ತನಗಿಲ್ಲ, ಇಲ್ಲಿ ಹೆಣ್ಣಾಗಿ ಕೆಲಸ ಮಾಡುವುದು ಬಹಳ ಕಷ್ಟ ಎಂದು ಅವರು ಬಹಿರಂಗವಾಗಿ ಹೇಳಿದರು. ಹಾಕಿ ಇಂಡಿಯಾ ಅದನ್ನು ನಿರಾಕರಿಸಿತು. ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು.